ಒಟ್ಟಿಗೆ ಮುಪ್ಪಾಗಿವೆಯೇ? ಜರ್ಮನ್ ನೌಕಾಪಡೆಯ ಹಳೆಯ ಬಾಕು ಕೊಳ್ಳುವವರಿಗೆ

ನಾನು ಇಲ್ಲಿ ಜರ್ಮನಿಯಲ್ಲಿ ಮೊದಲು ಕೊಂಡ ಬಾಕುವಿಗೆ 480 ಯೂರೋ ಕೊಟ್ಟೆ. ವುಪ್ಪರ್‌ಟಾಲ್ ಹತ್ತಿರದ ಭಾನುವಾರದ ಹಳೆ ಸಾಮಾನಿನ ಸಂತೆ, ಬೆಳಗಿನ ಏಳು ಗಂಟೆ, ತುಂತುರು ಮಳೆ. ಹಿತ್ತಾಳೆಯ ಒರೆ, ಬಿಳಿಯ ತಿರುಚು ಹಿಡಿ, ಹಿಡಿಯ ತುದಿಯಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಿರೀಟ. ಮಾರುತ್ತಿದ್ದವರು ಅದು ತಮ್ಮ ಮುತ್ತಜ್ಜನದ್ದು ಎಂದರು, ಮುತ್ತಜ್ಜ ಸೇವೆಯಲ್ಲಿದ್ದ ಹಡಗಿನ ಹೆಸರನ್ನೂ ಹೇಳಿದರು. ಕೇಳುತ್ತ ನಿಂತವಳು ಕೈಯಲ್ಲಿದ್ದ ವಸ್ತುವನ್ನು ಸರಿಯಾಗಿ ನೋಡಲೇ ಇಲ್ಲ.

ಅಂದು ಸಂಜೆ ಭದ್ರಾವತಿಗೆ ವಿಡಿಯೋ ಕರೆ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಮೂವತ್ತೊಂದು ವರ್ಷ ಎರಕದ ಕೆಲಸ ಮಾಡಿದವರು. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಪುಟ್ಟಿ, ಆ ಕಿರೀಟದ ಸಂದಿ ಹತ್ತಿರಕ್ಕೆ ಹಿಡಿ" ಎಂದರು. ಹಿಡಿದೆ. "ಮರಳಿನ ಗುಳಿ ಹಾಗೇ ಉಳಿದಿದೆ ನೋಡು. ಎರಕ ಹುಯ್ದು ಸುಮ್ಮನೆ ಬಿಟ್ಟಿದ್ದಾರೆ. ಒಂದು ಕಡೆನೂ ಅರ ಆಡಿಸಿಲ್ಲ, ಉಳಿ ಮುಟ್ಟಿಸಿಲ್ಲ. ದೊರೆ ಕಿರೀಟಾನ ಹೀಗೆ ಬಿಡ್ತಾರಾ ಯಾರಾದ್ರೂ?"

ಅದು ಕೈಸರ್ ಕಾಲದ್ದಲ್ಲ. ಒರೆ ಮಾತ್ರ ಹಳೆಯದು. ಅಲಗು ಬೇರೆ ಯಾವುದೋ ಬಾಕುವಿನದು, ಹಿಡಿ ಅಚ್ಚಿನಲ್ಲಿ ಹುಯ್ದ ರಾಳ, ಕಿರೀಟ ಇತ್ತೀಚಿನ ನಕಲು. ಅದಾಗಿ ಹನ್ನೆರಡು ವರ್ಷ. ಈಗ ನನ್ನಲ್ಲಿ ಏಳು ಬಾಕುಗಳಿವೆ, ಏಳನ್ನೂ ನಂಬುತ್ತೇನೆ. ಆ ಮೊದಲನೆಯದನ್ನೂ ಇಟ್ಟುಕೊಂಡಿದ್ದೇನೆ. ಹೊಸದೊಂದನ್ನು ನೋಡಲು ಹೋಗುವ ಹಿಂದಿನ ರಾತ್ರಿ ಅದನ್ನು ಕೈಗೆತ್ತಿಕೊಂಡು ಹತ್ತು ನಿಮಿಷ ನೋಡುತ್ತೇನೆ. ಸುಳ್ಳು ಹೇಗಿರುತ್ತದೆ ಎಂಬುದು ಕಣ್ಣಿಗೆ ನೆನಪಿರಬೇಕು.

ಒಂದು ಬಾಕು ಎಂದರೆ ಅಲಗು, ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿ, ಹಿಡಿ, ಹಿಡಿಯ ತುದಿಯ ಗುಂಡು, ಒರೆ, ಒರೆಯ ಬಳೆಗಳು. ನೂರು ವರ್ಷ ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಗೋಡೆಯ ಮೇಲೆ, ಒಂದೇ ಕೈಯ ಬೆವರಿನಲ್ಲಿ ಕಳೆದಿದ್ದರೆ ಒಟ್ಟಿಗೆ ಮುಪ್ಪಾಗಿರುತ್ತವೆ. ಒಂದು ಭಾಗ ಮುದುಕನಾಗಿ ಇನ್ನೊಂದು ಹರೆಯದಲ್ಲಿದ್ದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಯಾವುದನ್ನು ಕೊಳ್ಳುತ್ತೇನೆ, ಯಾವುದನ್ನು ಕೊಳ್ಳುವುದಿಲ್ಲ

ಜರ್ಮನ್ ಭಾಷೆಯಲ್ಲಿ ಇದಕ್ಕೆ ಮರೀನೆಡೋಲ್ಖ್ ಎನ್ನುತ್ತಾರೆ, ನೌಕಾ ಬಾಕು. ಯುದ್ಧಕ್ಕಲ್ಲ, ಸಮವಸ್ತ್ರದ ಜೊತೆ ಸೊಂಟದಲ್ಲಿ ತೂಗುವುದಕ್ಕೆ. ತುದಿಯ ಗುಂಡನ್ನು ನೋಡಿದರೆ ಸಾಕು, ಯಾವ ಸರಕಾರದ ಕಾಲದ್ದು ಎಂದು ತಿಳಿಯುತ್ತದೆ. 1901ರ ಮಾದರಿಯಲ್ಲಿ ಕೈಸರನ ಕಿರೀಟ. 1918ರಲ್ಲಿ ಕೈಸರ್ ಸಿಂಹಾಸನ ಬಿಟ್ಟ ಮೇಲೆ ಕಿರೀಟ ಹೋಗಿ ಅದರ ಜಾಗಕ್ಕೆ ಉರಿಯುವ ಗುಂಡಿನ ಆಕಾರ ಬಂತು. ಹಿಡಿಯೂ ಒರೆಯೂ ಕಪ್ಪಾದವು. ಕೆಲವು ವರ್ಷಗಳಲ್ಲಿ ಹಿತ್ತಾಳೆ ಒರೆ ಮರಳಿತು, 1929ರಲ್ಲಿ ಬಿಳಿ ಹಿಡಿಯೂ ಮರಳಿತು. 1938ರಲ್ಲಿ ಉರಿಯುವ ಗುಂಡು ಹೋಗಿ ಸ್ವಸ್ತಿಕ ಹಿಡಿದ ಹದ್ದು ಬಂದು ಕೂತಿತು.

ಹದ್ದಿನದನ್ನು ನಾನು ಕೊಳ್ಳುವುದಿಲ್ಲ. ಕೊಳ್ಳುವವರು ಬಹಳ ಜನರಿದ್ದಾರೆ, ಅವರಲ್ಲಿ ಇತಿಹಾಸವನ್ನು ಶ್ರದ್ಧೆಯಿಂದ ಓದಿದವರೂ ಇದ್ದಾರೆ. ನನಗೆ ಆಗುವುದಿಲ್ಲ. ಮನೆಯಲ್ಲಿ ಅಮ್ಮ ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಬರೆಯುತ್ತಿದ್ದ ಸ್ವಸ್ತಿಕ ಬೇರೆ, ಇದು ಬೇರೆ ಎಂದು ಇಲ್ಲಿಗೆ ಬಂದ ಮೇಲೆ ನಾನು ಮೈಯಲ್ಲೇ ಕಲಿತಿದ್ದೇನೆ. ಜರ್ಮನಿಯ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಆ ಗುರುತನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಸಂತೆಗಳಲ್ಲಿ ಮಾರುವವರು ಅದರ ಮೇಲೆ ಟೇಪು ಅಂಟಿಸಿರುತ್ತಾರೆ. ಟೇಪು ಅಂಟಿಸಿದ್ದನ್ನು ಕಂಡರೆ ನಾನು ಮುಂದೆ ಹೋಗುತ್ತೇನೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ತುದಿಯ ಗುಂಡು ತಿರುಪಿನಿಂದ ಕೂತಿರುತ್ತದೆ, ಕಳಚಿ ಬದಲಿಸಬಹುದು. ಸರಕಾರ ಬದಲಾದಾಗ ಎಷ್ಟೋ ಅಧಿಕಾರಿಗಳು ಹೊಸ ಬಾಕು ಕೊಳ್ಳಲಿಲ್ಲ, ಗುಂಡನ್ನಷ್ಟೇ ಬದಲಾಯಿಸಿಕೊಂಡರು. ಆದ್ದರಿಂದ ಕೈಸರ್ ಕಾಲದ ಅಲಗು, ಆನೆದಂತದ ಹಿಡಿ, ಅದರ ಮೇಲೆ 1920ರ ದಶಕದ ಉರಿಯುವ ಗುಂಡು ಕಂಡರೆ ತಕ್ಷಣ ನಕಲಿ ಎನ್ನಬೇಡಿ. ಒಬ್ಬನೇ ಮನುಷ್ಯ ಎರಡು ಕಾಲ ಕಂಡಿದ್ದಿರಬಹುದು. ನನ್ನ ಏಳರಲ್ಲಿ ನನಗೆ ಅತಿ ಪ್ರಿಯವಾದದ್ದು ಅಂಥದ್ದೇ. ಹಾಗೆ ಬದಲಾದ ಗುಂಡಿನ ಬುಡದಲ್ಲೂ ಹಿಡಿಯ ತುದಿಯಲ್ಲೂ ಒಂದೇ ಬಗೆಯ ಕೊಳೆ ಕೂತಿರುತ್ತದೆ. ಹೋದ ವರ್ಷ ಬದಲಿಸಿದ್ದರೆ ಕೂತಿರುವುದಿಲ್ಲ.

ಕೈಗೆತ್ತಿಕೊಳ್ಳುವ ಕ್ರಮ

ಚೀಲದಲ್ಲಿ ಇಷ್ಟು ಇರಲಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಚಿಕ್ಕ ಅಯಸ್ಕಾಂತ, ಕೈಗವಸು. ಮುಟ್ಟುವ ಮೊದಲು ಒಂದು ಮಾರು ದೂರದಿಂದ ನೋಡಿ. ಬಣ್ಣ ಹೊಂದುತ್ತಿದೆಯೇ? ಅಡ್ಡಪಟ್ಟಿಯ ಹಿತ್ತಾಳೆಯೂ ಒರೆಯ ಹಿತ್ತಾಳೆಯೂ ಒಂದೇ ಬಗೆಯಲ್ಲಿ ಮಾಸಿವೆಯೇ? ಮೊದಲ ನೋಟಕ್ಕೆ ಕಣ್ಣಿಗೆ ಚುಚ್ಚಿದ್ದು ಹೆಚ್ಚಾಗಿ ಸರಿಯೇ ಇರುತ್ತದೆ ಎಂಬುದು ನನ್ನ ಅನುಭವ.

ಒರೆಯಿಂದ ಶುರುಮಾಡಿ. ಕೆಲವು ಒರೆಗಳ ಮೇಲೆ ಮಿಂಚಿನ ಗೆರೆಗಳ ಕೆತ್ತನೆ, ಕೆಲವುದರ ಮೇಲೆ ಸುತ್ತಿಗೆಯಿಂದ ತಟ್ಟಿದ ಸಣ್ಣ ಸಣ್ಣ ಗುಳಿ. ತೂಗುವ ಬಳೆಗಳನ್ನು ಹಿಡಿದ ಪಟ್ಟಿಗಳು ಹೆಚ್ಚಾಗಿ ಹಗ್ಗ ಹೊಸೆದಂತೆ ಇರುತ್ತವೆ. ಈ ಬಳೆಗಳನ್ನು ಎತ್ತಿ ನೋಡಿ. ವರ್ಷಗಟ್ಟಲೆ ಸೊಂಟದಲ್ಲಿ ತೂಗಿದ ಬಾಕುವಿನ ಬಳೆ ತಾನು ಉಜ್ಜಿದ ಜಾಗದಲ್ಲಿ ಸವೆದಿರುತ್ತದೆ, ಒರೆಯ ಮೈಮೇಲೆ ಅದೇ ಜಾಗದಲ್ಲಿ ಅರ್ಧಚಂದ್ರದ ಗೀರು ಮೂಡಿರುತ್ತದೆ. ಬಳೆ ಹೊಸತಾಗಿದ್ದು ಗೀರು ಹಳೆಯದಾಗಿದ್ದರೆ ಬಳೆ ಬದಲಾಗಿದೆ. ಗೀರೇ ಇಲ್ಲದಿದ್ದರೆ ಆ ಬಾಕುವನ್ನು ಧರಿಸಿಯೇ ಇಲ್ಲ. ಹಾಗಿದ್ದ ಮೇಲೆ ಉಳಿದ ಭಾಗವೂ ಧರಿಸದಂತೆಯೇ ಇರಬೇಕು. ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆಗೆ ಅದು ಅಂಟಬಾರದು. ಅಂಟಿದರೆ ಹಿತ್ತಾಳೆಯ ಬಣ್ಣದ ಉಕ್ಕು.

ಆಮೇಲೆ ಅಲಗನ್ನು ಎಳೆಯಿರಿ. ಹಲವು ಬಾಕುಗಳ ಅಡ್ಡಪಟ್ಟಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಒತ್ತಿದರೆ ಮಾತ್ರ ಅಲಗು ಒರೆಯಿಂದ ಬಿಡುತ್ತದೆ. ಮರಳಿ ತಳ್ಳಿದಾಗ ಟಕ್ ಎಂದು ತಾನೇ ಕಚ್ಚಿಕೊಳ್ಳಬೇಕು. ಕಚ್ಚದಿದ್ದರೆ ಸ್ಪ್ರಿಂಗು ಸೋತಿರಬಹುದು, ಅಥವಾ ಒರೆ ಬೇರೆಯವರ ಮನೆಯದಿರಬಹುದು. ಅಲಗಿನ ಬುಡದಲ್ಲಿ, ಅಡ್ಡಪಟ್ಟಿಗೆ ತಾಗಿ, ತೆಳುವಾದ ಚರ್ಮದ ಮೆತ್ತೆ ಇರಬೇಕು. ಅದನ್ನು ಯಾರೂ ಗಮನಿಸುವುದಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ನೋಡುವುದು ಅದನ್ನೇ. ಹಳೆಯ ಚರ್ಮ ಕಪ್ಪಾಗಿ, ಒರೆಯ ಬಾಯಿಯ ಅಚ್ಚು ಮೂಡಿ, ಒಣಗಿದ ಮಾವಿನ ಸಿಪ್ಪೆಯಂತೆ ಬಿರುಸಾಗಿರುತ್ತದೆ. ಅದರ ಕೆಳಗೆ ಹಸಿರು ಕಿಲುಬು ಸೇರಿಕೊಂಡಿರುತ್ತದೆ. ಕಂದು ಬಣ್ಣದ ಮೃದು ಚರ್ಮ ಕಂಡರೆ ಯಾಕೆ ಬದಲಿಸಿದಿರಿ ಎಂದು ಕೇಳಿ. ಬದಲಿಸಬೇಕೆಂದರೆ ಬಾಕುವನ್ನು ಪೂರ್ತಿ ಬಿಚ್ಚಲೇಬೇಕು.

ಅಲಗಿನ ಮೇಲೆ ಲಂಗರು, ಹಾಯಿ ಬಿಚ್ಚಿದ ಹಡಗು, ಬಳ್ಳಿಗಳು ಇರುತ್ತವೆ. ಇವನ್ನು ಉಳಿಯಿಂದ ಕೆತ್ತಿದ್ದಲ್ಲ. ಚಿತ್ರದ ಮೇಲೆ ಆಮ್ಲ ತಾಗದಂತೆ ಲೇಪ ಹಚ್ಚಿ, ಉಳಿದ ಮೈಯನ್ನು ಆಮ್ಲಕ್ಕೆ ತಿನ್ನಿಸುತ್ತಿದ್ದರು. ಹಾಗಾಗಿ ಚಿತ್ರ ನುಣುಪಾಗಿ ಹೊಳೆಯುತ್ತದೆ, ಹಿನ್ನೆಲೆ ಬೂದಿ ಬಣ್ಣಕ್ಕೆ ಮಸುಕಾಗಿರುತ್ತದೆ. ಭೂತಗನ್ನಡಿಯಲ್ಲಿ ಆ ಹಿನ್ನೆಲೆ ರವೆ ಚೆಲ್ಲಿದಂತೆ ತರಿತರಿಯಾಗಿ ಕಾಣಬೇಕು. ಅಲಗನ್ನು ಉಜ್ಜಿದಾಗ ಮೊದಲು ಹೋಗುವುದು ಈ ಮಸುಕು. ಹಿನ್ನೆಲೆಯೂ ಚಿತ್ರವೂ ಸಮನಾಗಿ ಮಿಂಚುತ್ತಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ, ಬೆಲೆ ಅರ್ಧಕ್ಕಿಳಿಯಬೇಕು. ನಕಲಿಗಳಲ್ಲಿ ಗೆರೆ ಆಳವಿಲ್ಲದೆ, ಎಲ್ಲೆಡೆ ಒಂದೇ ಸಮನೆ ಕಪ್ಪು ತುಂಬಿದಂತೆ ಕಾಣುತ್ತದೆ. ಹಗ್ಗ ಸುತ್ತಿದ ಲಂಗರು ಇದ್ದರೆ ಹಗ್ಗವನ್ನು ಕಣ್ಣಲ್ಲೇ ಹಿಂಬಾಲಿಸಿ. ಅಸಲಿಯಲ್ಲಿ ಅದು ಎಲ್ಲಿ ಮೇಲೆ ಹಾಯುತ್ತದೆ, ಎಲ್ಲಿ ಕೆಳಗೆ ನುಸುಳುತ್ತದೆ ಎಂಬುದು ಸ್ಪಷ್ಟ. ಚಿತ್ರ ಬರೆದವನಿಗೆ ಗಂಟಿನ ಅರ್ಥ ಗೊತ್ತಿತ್ತು. ನಕಲು ಮಾಡಿದವನು ಗೆರೆಯನ್ನಷ್ಟೇ ಕಂಡವನು.

ತಯಾರಕರ ಗುರುತು

ಇವುಗಳಲ್ಲಿ ಹೆಚ್ಚಿನವು ಜೋಲಿಂಗೆನ್‌ನಲ್ಲಿ ಹುಟ್ಟಿದವು. ವುಪ್ಪರ್ ನದಿಯ ಮೇಲಿನ ಗುಡ್ಡದೂರು, ಶತಮಾನಗಳಿಂದ ಅಲಗಿನದ್ದೇ ಕಸುಬು. 2012ರಿಂದ ಊರಿನ ಅಧಿಕೃತ ಹೆಸರಿನಲ್ಲೇ ಅಲಗಿನ ಊರು ಎಂಬುದೂ ಸೇರಿದೆ. ನನ್ನ ಮನೆಯಿಂದ ಹತ್ತಿರ. ಅಲ್ಲಿನ ಗ್ರೇಫ್‌ರಾತ್ ಬಡಾವಣೆಯ ಹಳೆಯ ಕ್ರೈಸ್ತ ಮಠದ ಕಟ್ಟಡದಲ್ಲಿ ಅಲಗುಗಳ ವಸ್ತುಸಂಗ್ರಹಾಲಯವಿದೆ. ಏನನ್ನಾದರೂ ಕೊಳ್ಳುವ ಮೊದಲು ಅಲ್ಲಿ ಎರಡು ಪೂರ್ತಿ ದಿನ ಕಳೆಯಿರಿ. ಅಸಲಿಯನ್ನು ನೂರು ಸಲ ನೋಡದವರಿಗೆ ನಕಲಿ ಕಾಣುವುದಿಲ್ಲ.

ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಇರುತ್ತದೆ. ಐಕ್‌ಹಾರ್ನ್ ಕಂಪನಿಯದು ಅಳಿಲು. ವೈಯರ್ಸ್‌ಬೆರ್ಗ್ ಮತ್ತು ಕಿರ್ಷ್‌ಬೌಮ್ ಮನೆತನಗಳು 1883ರಲ್ಲಿ ಒಂದಾಗಿ ಕಟ್ಟಿದ ಡಬ್ಲ್ಯೂಕೆಸಿ ಕಂಪನಿಯದು ಯೋಧನ ತಲೆ. ಹೋಲರ್‌ನದು ಉಷ್ಣಮಾಪಕ. ಅಳಿಲಿನ ಚಿತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ, ಆದ್ದರಿಂದ ಅಳಿಲಿದೆ ಎಂದಷ್ಟೇ ಸಮಾಧಾನಪಡಬೇಡಿ, ಯಾವ ಅಳಿಲು ಎಂದು ನೋಡಿ. ಕಿರೀಟದ ಬಾಕುವಿನಲ್ಲಿ 1930ರ ದಶಕದ ಅಳಿಲು ಇರಲು ಸಾಧ್ಯವಿಲ್ಲ. ಮುದ್ರೆ ಇಲ್ಲದ ಅಸಲಿಗಳೂ ಇವೆ, ಮುದ್ರೆ ಇರುವ ನಕಲಿಗಳು ಅದಕ್ಕಿಂತ ಹೆಚ್ಚು. ಮುದ್ರೆಯನ್ನು ನಾನು ಕೊನೆಯ ಸಾಕ್ಷಿಯಾಗಿ ಕೇಳುತ್ತೇನೆ, ಮೊದಲನೆಯದಾಗಿ ಅಲ್ಲ.

ಒಂದು ಮುದ್ರೆಯ ಮುಂದೆ ಮಾತ್ರ ನಾನು ಪ್ರತಿ ಸಲ ನಿಲ್ಲುತ್ತೇನೆ. ತಕ್ಕಡಿಯ ಚಿತ್ರ, ಅದು ಅಲೆಕ್ಸಾಂಡರ್ ಕೊಪೆಲ್ ಕಂಪನಿಯದು. ಕೊಪೆಲ್ ಮನೆತನ ಜೋಲಿಂಗೆನ್‌ನ ಯಹೂದಿ ಮನೆತನ, ಊರಿಗೆ ಬಹಳ ಕೊಟ್ಟವರು. ನಾಜಿಗಳ ಕಾಲದಲ್ಲಿ ಕಂಪನಿ ಅವರ ಕೈತಪ್ಪಿತು. ಮನೆತನದ ಅಲೆಕ್ಸಾಂಡರ್ ಕೊಪೆಲ್ 1942ರಲ್ಲಿ ನಾಜಿಗಳ ಥೆರೆಜಿಯನ್‌ಷ್ಟಾಟ್ ಸೆರೆಶಿಬಿರದಲ್ಲಿ ಸತ್ತರು. ಅದೇ ನಾಜಿಗಳ ಸೈನ್ಯಗಳ ಸೊಂಟದಲ್ಲಿ ಆ ತಕ್ಕಡಿ ಮುದ್ರೆಯ ಬಾಕುಗಳು ತೂಗುತ್ತಿದ್ದವು. ಇದನ್ನು ತಿಳಿಯದೆ ತಕ್ಕಡಿ ಇದ್ದರೆ ಬೆಲೆ ಎಷ್ಟು ಎಂದು ಕೇಳುವವರ ಜೊತೆ ನನಗೆ ಮಾತು ಮುಂದುವರಿಸಲು ಆಗುವುದಿಲ್ಲ.

ಹಿಡಿ

ಕೈಸರ್ ಕಾಲದ ಒಳ್ಳೆಯ ಬಾಕುಗಳ ಹಿಡಿ ಆನೆದಂತದ್ದು, ತಿರುಚಿ ಕಡೆದು, ತಿರುಚಿನ ಕಣಿವೆಯಲ್ಲಿ ತಂತಿ ಸುತ್ತಿದ್ದು. ಮುಂದಿನ ಕಾಲದಲ್ಲಿ ಮರದ ಮೇಲೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ನಕಲಿಗಳಲ್ಲಿ ಅಚ್ಚಿನ ರಾಳ. ಈ ಮೂರನ್ನು ಬೇರ್ಪಡಿಸಲು ಬಂದರೆ ಅರ್ಧ ಗೆದ್ದಂತೆ.

ದಂತದ ಉದ್ದಕ್ಕೂ ಅಲೆಯಾಡುವ ಸಣ್ಣ ಗೆರೆಗಳಿರುತ್ತವೆ, ಯಾವ ಎರಡು ಗೆರೆಯೂ ಒಂದೇ ಸಮನಾಗಿರುವುದಿಲ್ಲ. ದಂತದಂತೆ ಕಾಣಲೆಂದು ಗೆರೆ ಹಾಕಿದ ಸೆಲ್ಯುಲಾಯ್ಡಿನಲ್ಲಿ ಗೆರೆಗಳು ಕಾಪಿ ಪುಸ್ತಕದಂತೆ ನೇರ, ಸಮಾನ. ದಂತಕ್ಕೆ ಅಡ್ಡ ಕೊಯ್ದ ಮುಖದಲ್ಲಿ ಒಂದಕ್ಕೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಬಾಕುವಿನಲ್ಲಿ ಆ ಮುಖ ಅಡಗಿರುವುದು ತುದಿಯ ಗುಂಡಿನ ಕೆಳಗೆ. ಮಾರುವವರು ಒಪ್ಪಿದರೆ ಅವರ ಕೈಯಿಂದಲೇ ಗುಂಡನ್ನು ತಿರುಗಿಸಿ ತೆಗೆಸಿ. ಒಪ್ಪದಿದ್ದರೆ ಒತ್ತಾಯಿಸಬೇಡಿ, ನೂರು ವರ್ಷದ ದಂತ ಬಿರುಕು ಬಿಡುವ ಭಯ ನ್ಯಾಯವಾದದ್ದೇ.

ಗುಂಡು ತೆಗೆದರೆ ಹಿಡಿಯೊಳಗೆ ಹಾಯುವ ಅಲಗಿನ ಬಾಲವೂ ಕಾಣುತ್ತದೆ. ಅದು ಕಪ್ಪಾಗಿ ಅರದ ಗೀರುಗಳಿಂದ ಕೂಡಿರಬೇಕು. ಬಾಲದ ಮೇಲೂ ಅಡ್ಡಪಟ್ಟಿಯ ಒಳಮೈಯಲ್ಲೂ ಜೋಡಣೆ ಮಾಡಿದ ಕೆಲಸಗಾರ ಒತ್ತಿದ ಸಣ್ಣ ಅಂಕಿ ಕೆಲವೊಮ್ಮೆ ಸಿಗುತ್ತದೆ. ಎರಡೂ ಕಡೆ ಒಂದೇ ಅಂಕಿ ಇದ್ದರೆ ಅಂದು ನಿಮಗೆ ಹಬ್ಬ. ನನ್ನ ಮೂರನೆಯ ಬಾಕುವಿನಲ್ಲಿ ಎರಡೂ ಕಡೆ 14 ಎಂದಿತ್ತು. ಅಪ್ಪನಿಗೆ ತೋರಿಸಿದಾಗ, "ಆ ಹದಿನಾಲ್ಕು ಹೊಡೆದೋನಿಗೆ ಎಡಗೈ ಅಭ್ಯಾಸ ಇರಬೇಕು, ನಾಲ್ಕು ಬಲಕ್ಕೆ ವಾಲಿದೆ" ಎಂದರು.

ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಹಳೆಯ ಸಿನಿಮಾ ರೀಲಿನ ಜಾತಿಯದು, ಭಗ್ಗನೆ ಹೊತ್ತಿಕೊಳ್ಳುತ್ತದೆ. ಬಟ್ಟೆಯಿಂದ ಬಿರುಸಾಗಿ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದನ್ನು ಮಾಡುವುದೇ ಕರ್ಪೂರ ಬೆರೆಸಿ. ಮಂಗಳಾರತಿ ವಾಸನೆಯಲ್ಲಿ ಬೆಳೆದ ನಮ್ಮ ಮೂಗಿಗೆ ಈ ಪರೀಕ್ಷೆ ಸುಲಭ. ರಾಳದ ಹಿಡಿಯಾದರೆ ಭೂತಗನ್ನಡಿಯಲ್ಲಿ ಗಾಳಿಗುಳ್ಳೆಗಳೂ ಎರಡು ಅಚ್ಚು ಕೂಡಿದ ಗೆರೆಯೂ ಸಿಗುತ್ತವೆ. ತಂತಿಯ ಕೆಳಗೆ ಟಾರ್ಚು ಹಾಕಿ ನೋಡಿ: ಅಲ್ಲಿ ಕೂತ ಕೊಳೆ ಗಟ್ಟಿಯಾಗಿ, ಕಂದು ಬಣ್ಣಕ್ಕಿರಬೇಕು. ಚಹಾ ನೀರಿನಲ್ಲಿ ಅದ್ದಿ ಹಳೆಯದಾಗಿಸಿದ್ದರೆ ಬಣ್ಣ ಉಬ್ಬಿದಲ್ಲೂ ತಗ್ಗಿನಲ್ಲೂ ಒಂದೇ ಸಮ ಇರುತ್ತದೆ. ನಿಜವಾದ ಮುಪ್ಪು ತಗ್ಗಿನಲ್ಲಿ ಕೂರುತ್ತದೆ, ಉಬ್ಬಿದ ಕಡೆ ಬೆರಳು ಅದನ್ನು ಒರೆಸಿಬಿಟ್ಟಿರುತ್ತದೆ.

ಎಮ್ಡೆನ್ ಕಥೆ

ನನ್ನ ಮುಖ ನೋಡಿದ ಕೂಡಲೇ ಕೆಲವರು ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆಯ ಹೆಸರೆತ್ತುತ್ತಾರೆ. ಭಾರತದವರು ನೀವು, ಇದು ಎಮ್ಡೆನ್ ಅಧಿಕಾರಿಯ ಬಾಕು, ನಿಮ್ಮ ಕೈ ಸೇರಬೇಕಾದದ್ದೇ ಎನ್ನುತ್ತಾರೆ. ಮೂರು ಸಲ ಕೇಳಿದ್ದೇನೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಮದರಾಸಿನ ಮೇಲೆ ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳಿಗೆ ಬೆಂಕಿ ಹಚ್ಚಿದ್ದು ನಿಜ. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ಹಡಗಿನ ಎದುರು ಸೋತಿದ್ದೂ ನಿಜ. ಸೆರೆಸಿಕ್ಕ ಅಧಿಕಾರಿಗಳ ಖಡ್ಗ ಕಿತ್ತುಕೊಳ್ಳಬಾರದೆಂದು ಬ್ರಿಟಿಷ್ ನೌಕಾ ಇಲಾಖೆ ಗೌರವ ತೋರಿದ್ದೂ ನಿಜ. ಆದರೆ ಕಥೆ ನಿಜವಾದ ಮಾತ್ರಕ್ಕೆ ಈ ಬಾಕು ಆ ಕಥೆಯದಾಗುವುದಿಲ್ಲ.

ಕೇಳಬೇಕಾದದ್ದು ಹೆಸರು. ಅಲಗಿನ ಮೇಲೋ ಅಡ್ಡಪಟ್ಟಿಯ ಹಿಂದೆಯೋ ಹೆಸರು ಕೊರೆದಿದ್ದರೆ ಕೈಸರ್ ನೌಕಾಪಡೆ ಅಚ್ಚು ಹಾಕಿಸುತ್ತಿದ್ದ ಅಧಿಕಾರಿಗಳ ಶ್ರೇಣಿಪಟ್ಟಿಯಲ್ಲಿ ಹುಡುಕಬಹುದು, ಆ ವರ್ಷ ಅವನು ಎಲ್ಲಿದ್ದ ಎಂದು ತಿಳಿಯಬಹುದು. ಕೊರೆದ ಅಕ್ಷರದೊಳಗೂ ಕೊಳೆ ಕೂತಿರಬೇಕು. ಹೊಸದಾಗಿ ಕೊರೆದ ಹೆಸರಿನ ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಹೆಸರೂ ಇಲ್ಲ, ಪತ್ರವೂ ಇಲ್ಲ, ಸಮವಸ್ತ್ರದಲ್ಲಿ ನಿಂತ ಚಿತ್ರವೂ ಇಲ್ಲ ಎಂದಾದರೆ ಕಥೆಯನ್ನು ಆದರದಿಂದ ಕೇಳಿ, ಬಾಕುವಿನ ಬೆಲೆಯನ್ನಷ್ಟೇ ಕೊಡಿ.

ದುಡ್ಡು, ಕಾನೂನು

ಹರಾಜಿನಲ್ಲಿ ಕೂಗಿದ ಬೆಲೆ ಕೊನೆಯ ಬೆಲೆಯಲ್ಲ. ನನ್ನ ಉರಿಯುವ ಗುಂಡಿನ ಬಾಕು 700 ಯೂರೋಗೆ ನಿಂತಿತು, ಹರಾಜು ಮನೆಯ ಪಾಲು ಮತ್ತು ತೆರಿಗೆ ಸೇರಿ 890 ಆಯಿತು. ಕೈ ಎತ್ತುವ ಮೊದಲು ಈ ಲೆಕ್ಕ ಬರೆದಿಟ್ಟುಕೊಳ್ಳಿ. ಹಿಂದಿರುಗಿಸುವ ಅವಕಾಶ ಕೊಡದವರಿಂದ ದೊಡ್ಡ ಮೊತ್ತದ್ದನ್ನು ಕೊಳ್ಳಬೇಡಿ.

ಜರ್ಮನಿಯಲ್ಲಿ ಹದಿನೆಂಟು ತುಂಬಿದವರು ಇಂಥದ್ದನ್ನು ಇಟ್ಟುಕೊಳ್ಳಬಹುದು, ಆದರೆ ಹೊರಗೆ ಧರಿಸಿ ತಿರುಗುವಂತಿಲ್ಲ. ಸಾಗಿಸುವಾಗ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಐರೋಪ್ಯ ಒಕ್ಕೂಟದಲ್ಲಿ 2022ರಿಂದ ಹಳೆಯ ದಂತದ ವಸ್ತು ಮಾರಲು ಪ್ರಮಾಣಪತ್ರ ಬೇಕು, ಮಾರುವವರ ಬಳಿ ಅದನ್ನು ಕೇಳಿ ನೋಡಿ. ಊರಿನಿಂದ ಕೆಲವರು ಒಂದನ್ನು ಕಳಿಸಿಕೊಡು ಎನ್ನುತ್ತಾರೆ. ನಾನು ಕಳಿಸುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಆಯುಧವನ್ನು ಭಾರತಕ್ಕೆ ತರಲು ಪರವಾನಗಿ ಬೇಕು, ದಂತದ್ದಾದರೆ ವನ್ಯಜೀವಿ ಕಾಯಿದೆ ಬೇರೆ. ಅಂಚೆಯಲ್ಲಿ ತರಿಸಿಕೊಳ್ಳುವ ಯೋಚನೆಯನ್ನೇ ಬಿಡಿ.

ಮನೆಗೆ ತಂದ ಮೇಲೆ

ಹಿತ್ತಾಳೆ ಹೊಳೆಯಲೆಂದು ಪಾತ್ರೆ ತಿಕ್ಕುವ ಹುಣಸೆಹಣ್ಣು, ಪುಡಿ, ದ್ರಾವಣ ಯಾವುದನ್ನೂ ಮುಟ್ಟಿಸಬೇಡಿ. ಆ ಹಿತ್ತಾಳೆಯ ಮೇಲೆ ಚಿನ್ನದ ಮುಲಾಮು ಇತ್ತು. ನೂರು ವರ್ಷದಲ್ಲಿ ಉಳಿದ ಆ ತೆಳು ಪೊರೆ ಒಂದು ಮಧ್ಯಾಹ್ನದ ಉತ್ಸಾಹಕ್ಕೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಕಿಲುಬನ್ನು ಒಂದು ಹನಿ ಖನಿಜ ತೈಲ (ಮಿನರಲ್ ಆಯಿಲ್) ಹಾಕಿ, ಬಿದಿರಿನ ಕಡ್ಡಿಯಿಂದ ತಾಳ್ಮೆಯಾಗಿ ಎಬ್ಬಿಸಿ. ಅಲಗಿಗೆ ಮೈಕ್ರೋಕ್ರಿಸ್ಟಲೀನ್ ಮೇಣವನ್ನು ತೆಳ್ಳಗೆ ಸವರಿ. ಬರಿಗೈಯಲ್ಲಿ ಅಲಗು ಮುಟ್ಟಿದರೆ ಬೆರಳಚ್ಚೇ ತುಕ್ಕಾಗಿ ಎದ್ದುಬರುತ್ತದೆ. ಸೆಲ್ಯುಲಾಯ್ಡ್ ಹಿಡಿಯದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅದು ಮುಪ್ಪಾಗುತ್ತ ಆಮ್ಲದ ಆವಿ ಬಿಡುತ್ತದೆ, ಆ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ. ದಂತದ್ದನ್ನು ಹೀಟರಿನ ಮೇಲಿನ ಗೋಡೆಗೆ ತೂಗುಹಾಕಬೇಡಿ; ಇಲ್ಲಿನ ಒಂದು ಚಳಿಗಾಲ ಸಾಕು ಬಿರುಕಿಗೆ.

ಪ್ರತಿಯೊಂದಕ್ಕೂ ಒಂದು ಹಾಳೆ ಬರೆಯಿರಿ. ನನ್ನದರಲ್ಲಿ ಉದ್ದ, ಮುದ್ರೆ, ಒಳಗಿನ ಅಂಕಿ, ಕೊಂಡ ದಿನ, ಕೊಟ್ಟ ಹಣ, ಮಾರಿದವರು ಹೇಳಿದ ಕಥೆ ಅವರ ಮಾತಿನಲ್ಲೇ, ಅದರ ಕೆಳಗೆ ಆ ಕಥೆಯಲ್ಲಿ ಯಾವುದು ರುಜುವಾಗಿದೆ ಎಂಬುದು ಇರುತ್ತವೆ. ಬಿಚ್ಚಿದಾಗ ತೆಗೆದ ಫೋಟೋಗಳನ್ನು ಹಿಂದೆ ಅಂಟಿಸುತ್ತೇನೆ. ಮುಂದೆ ಕೊಳ್ಳುವವರು ಮತ್ತೆ ಬಿಚ್ಚುವ ಅಗತ್ಯ ಬೀಳುವುದಿಲ್ಲ.